ಅಡಕೆ ತೋಟದಲ್ಲಿ ಮರದಿಂದ ಬೀಳುವ ಅಪಾಯ: ಅದರ ನಿವಾರಣೆಗೆ ಯಜಮಾನರು ಮುಂಚಿತವಾಗಿ ಮಾಡತಕ್ಕ ಏರ್ಪಾಡು

ಅಡಕೆಯ ವ್ಯವಸಾಯದಲ್ಲಿ ಗೊಬ್ಬರ, ನೀರು, ಬಸಿಗಾಲುವೆ, ಔಷಧ, ಇವುಗಳ ವಿಷಯವಾಗಿ ತೋಟದ ಯಜಮಾನರು ವರ್ಷವಿಡೀ ಆಲೋಚಿಸುತ್ತಲೇ ಇರುವರು. ಆದರೆ ಆ ಫಸಲೆಲ್ಲವೂ ನೆಲದಿಂದ ನಲವತ್ತು ಐವತ್ತು ಅಡಿಗಳ ಮೇಲೆ ಇರುವುದೆಂಬುದನ್ನೂ, ಅದನ್ನು ರೋಗದಿಂದ ಕಾಯುವುದಕ್ಕೂ ಹಣ್ಣಾದ ಮೇಲೆ ಇಳಿಸುವುದಕ್ಕೂ ಒಬ್ಬ ಮನುಷ್ಯನು ಗೇಣಿಗಿಂತಲೂ ಕಡಮೆ ದಪ್ಪದ ಕಂಬವೊಂದನ್ನು ಅಪ್ಪಿಕೊಂಡು ಮೇಲಕ್ಕೆ ಹೋಗಬೇಕೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕ್ರಮವಾದ ಏರ್ಪಾಡನ್ನು ಮಾಡಿಟ್ಟ ತೋಟಗಳು ವಿರಳ. ಕೊನೆಗಾರನು ಹತ್ತುವನು, ಇಳಿಯುವನು. ಅದು ಅವನ ವಿದ್ಯೆ ಎಂದು ಬಿಟ್ಟುಬಿಡುವುದೇ ರೂಢಿ. ಅವನು ಒಂದು ದಿನ ಇಳಿಯುವ ಬದಲು ಬಿದ್ದನೆಂದರೆ ಮಾತ್ರ ಊರೆಲ್ಲ ಓಡಿಬರುವುದು.

ಐವತ್ತು ಅಡಿಯ ಮೇಲಿಂದ ಬಿದ್ದವನು ನೆಲ ಮುಟ್ಟುವುದಕ್ಕೆ ಎರಡು ಸೆಕೆಂಡುಗಳೂ ಬೇಕಾಗುವುದಿಲ್ಲ. ಮುಟ್ಟುವಾಗ ಅವನ ವೇಗವು ಗಂಟೆಗೆ 60 ಕಿಲೋಮೀಟರನ್ನು ಮೀರಿರುತ್ತದೆ. ಅಷ್ಟು ಅಲ್ಪ ಕಾಲದಲ್ಲಿ ಮಾಡಬಹುದಾದ ಉಪಾಯ ಯಾವುದೂ ಇಲ್ಲ. ಮಾಡತಕ್ಕದ್ದೆಲ್ಲವನ್ನೂ ಅವನು ಮರಕ್ಕೆ ಕಾಲಿಡುವ ಮೊದಲೇ ಮಾಡಿರಬೇಕು. ಬೆನ್ನುಮೂಳೆ ಮುರಿದು, ಒಳಗಿನ ನರಕ್ಕೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಮೂವತ್ತನೆಯ ವಯಸ್ಸಿನಲ್ಲಿಯೇ ಹಾಸಿಗೆ ಹಿಡಿದವನ ಮನೆಯ ಸ್ಥಿತಿಯನ್ನು ಕಂಡವರಿಗೆ ಈ ವಿಷಯವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಮೊದಲು ತೋಟದ ಲೆಕ್ಕವನ್ನು ನೋಡೋಣ. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಎರಡು ಎಕರೆಯ ಸಾಧಾರಣ ತೋಟಕ್ಕೆ 1,100 ಮರಗಳಾದುವು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಅದಾದ ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆ ಬಿಡದೆ ಹಿಡಿದ ವರ್ಷ ಮೂರನೆಯ ಸಲವೂ ಬೇಕಾಗುವುದು. ಆ ಮೇಲೆ ಕೊಯ್ಲು ಮೂರು ನಾಲ್ಕು ಸಲ. ಹೀಗೆ ಒಂದು ಮರದ ತುದಿಗೆ ವರ್ಷಕ್ಕೆ ಆರು ಸಲವಾದರೂ ಮನುಷ್ಯನು ಹೋಗಬೇಕಾದರೆ, ಎರಡೇ ಎಕರೆಯಲ್ಲಿ 6,600 ಸಲ ಮನುಷ್ಯನ ಪ್ರಾಣವು ಐವತ್ತು ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಒಂದು ಸಲಕ್ಕೆ ಅಪಾಯವು ಅತ್ಯಲ್ಪವೆಂದೇ ಇಟ್ಟುಕೊಂಡರೂ, ಅಷ್ಟು ಸಾವಿರ ಸಲಗಳಲ್ಲಿ ಅದು ಅಲ್ಪವಾಗಿ ಉಳಿಯುವುದಿಲ್ಲ. “ನಮ್ಮ ತೋಟದಲ್ಲಿ ಇದುವರೆಗೆ ಯಾರೂ ಬಿದ್ದಿಲ್ಲ” ಎಂಬ ಮಾತಿಗೆ ಇದೇ ಉತ್ತರ.

ಇದರಲ್ಲಿ ಒಂದು ವಿಚಿತ್ರವೂ ಉಂಟು. ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ವಿಚಾರಮಾಡಿ, ಆಗಿನ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಹೊಡೆಯುವ ಪದ್ಧತಿಯು ಮಲೆನಾಡಿನಲ್ಲಿ ನೆಲೆಗೊಂಡುದು ಆ ಕೆಲಸದ ಫಲವಾಗಿ. ಅದಕ್ಕೆ ಮುಂಚೆ ಮಳೆಗಾಲದ ಆರಂಭದಲ್ಲಿ ಗೊನೆಗಳಿಗೆ ಹಾಳೆಯ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಮಾಡುತ್ತಿದ್ದರು. ಅದಕ್ಕೆ ಒಂದು ಸಲ ಹತ್ತಿದರೆ ಸಾಕಾಗುತ್ತಿತ್ತು. ಔಷಧವು ಬಂದು ಫಸಲು ಉಳಿಯಿತು; ಆದರೆ ಮರ ಹತ್ತುವ ಸರದಿಗಳು, ಅದೂ ಮಳೆಯ ನಡುವೆ ಹತ್ತುವ ಸರದಿಗಳು, ಹೆಚ್ಚಾದುವು. ಆ ಹೆಚ್ಚಿದ ಅಪಾಯಕ್ಕೆ ತಕ್ಕ ರಕ್ಷಣೆಯು ಮಾತ್ರ ಔಷಧದ ಜೊತೆಯಲ್ಲಿ ಬರಲಿಲ್ಲ.

ಬೀಳುವುದಕ್ಕೆ ಕಾರಣಗಳು

ಕೊನೆಗಾರನ ಅಜಾಗ್ರತೆಯಿಂದ ಬಿದ್ದನೆಂದು ಹೇಳುವುದು ಸುಲಭ. ಆದರೆ ಕಾರಣಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಯಜಮಾನನ ಕೈಯಲ್ಲಿರುವಂಥವು.

ಒಂದನೆಯದು ಮರದ ಸ್ಥಿತಿ. ಪಶ್ಚಿಮ ಮತ್ತು ನೈಋತ್ಯ ದಿಕ್ಕಿಗೆ ನೆರಳಿಲ್ಲದ ತೋಟದ ಅಂಚಿನಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲು ಕಾಂಡಕ್ಕೆ ನೇರವಾಗಿ ಹೊಡೆದು, ತೊಗಟೆ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಕಾಂಡವು ಉದ್ದುದ್ದ ಸೀಳುವುದು. ಮೇಲೆ ಗರಿಗಳು ಹಸುರಾಗಿಯೇ ಇರುತ್ತವೆ, ಗೊನೆಯೂ ಬಿಟ್ಟಿರುತ್ತದೆ. ಕೆಳಗಿನಿಂದ ನೋಡಿದವನಿಗೆ ಮರ ಗಟ್ಟಿಯೆಂದೇ ತೋರುವುದು. ಮನುಷ್ಯನ ಭಾರವು ತುದಿಗೆ ಹೋಗಿ ಗಾಳಿಗೆ ತೂಗಿದಾಗ ಆ ಸೀಳಿದ ಜಾಗದಲ್ಲಿಯೇ ಮುರಿಯುತ್ತದೆ. ಹಾಗೆಯೇ ಅಣಬೆ ರೋಗ ಹಿಡಿದ ಮರದ ಬುಡವು ಒಳಗೇ ಕೊಳೆತಿರುತ್ತದೆ. ಇಂಥ ಮರ ಮುರಿದರೆ ಕೊನೆಗಾರನು ಸೊಂಟಕ್ಕೆ ಕಟ್ಟಿಕೊಂಡ ಹಗ್ಗವೂ ಉಪಯೋಗಕ್ಕೆ ಬಾರದು. ಅವನು ಮರದೊಡನೆಯೇ ಬೀಳುವನು.

ಎರಡನೆಯದು ಜಾರಿಕೆ. ಜೂನ್ ಕಳೆಯುವಷ್ಟರಲ್ಲಿ ಕಾಂಡದ ಮೇಲೆಲ್ಲಾ ಪಾಚಿ ಬೆಳೆದಿರುವುದು. ಬೋರ್ಡೋ ದ್ರಾವಣವು ಎಲೆ ಕಾಯಿಗಳಿಗೆ ಅಂಟಬೇಕಾದರೆ ಮಳೆಯ ನಡುವೆ ಕೆಲವು ಗಂಟೆಗಳ ಬಿಡುವು ಬೇಕು. ಆ ಬಿಡುವು ಸಿಕ್ಕಿದ ಕ್ಷಣದಲ್ಲಿ ಊರಿನ ಎಲ್ಲಾ ತೋಟಗಳವರೂ ಒಂದೇ ಸಲಕ್ಕೆ ಔಷಧ ಹೊಡೆಸಲು ಹೊರಡುವರು. ಕೊನೆಗಾರರು ಮೂವರೋ ನಾಲ್ವರೋ. ಕಾಂಡವು ಒಣಗುವ ಮೊದಲೇ, ಬೆಳಗಿನಿಂದ ಕತ್ತಲಾಗುವವರೆಗೆ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಅವರು ಓಡಬೇಕಾಗುವುದು. ಬೀಳುವುದಕ್ಕೆ ಇದಕ್ಕಿಂತ ಅನುಕೂಲವಾದ ಸಮಯ ಬೇರೆ ಯಾವುದೂ ಇಲ್ಲ.

ಮೂರನೆಯದು ಮರದಿಂದ ಮರಕ್ಕೆ ದಾಟುವುದು. ನುರಿತ ಕೊನೆಗಾರನು ಒಂದು ಮರದ ತುದಿಯಲ್ಲಿದ್ದುಕೊಂಡು ಅದನ್ನು ತೂಗಿ, ಪಕ್ಕದ ಮರವನ್ನು ಕೊಕ್ಕೆಯಿಂದಲೋ ಕೈಯಿಂದಲೋ ಎಳೆದುಕೊಂಡು ಅದಕ್ಕೆ ಹಾಯುವನು. ಹೀಗೆ ಇಳಿಯದೆಯೇ ಸಾಲಿಗೆ ಸಾಲು ಮುಗಿಸುವುದುಂಟು. ನೋಡುವವರಿಗೆ ಇದು ಆಶ್ಚರ್ಯಕರವಾದ ಕೌಶಲ್ಯವೇ ಸರಿ. ಆದರೆ ಆ ಹಾಯುವ ಕ್ಷಣದಲ್ಲಿ ಅವನು ಎರಡು ಮರಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರಿದವನಲ್ಲ. ಅವನು ಕುಳಿತು ಕೆಲಸ ಮಾಡುವ ಮಣೆಯಾಗಲಿ, ಕಾಲಿಗೆ ಹಾಕುವ ತಳೆಯಾಗಲಿ ಕೆಲಸದ ಸಾಧನಗಳೇ ಹೊರತು ರಕ್ಷಣೆಯ ಸಾಧನಗಳಲ್ಲ. ಕೈ ಜಾರಿದರೆ ಅವು ಅವನನ್ನು ಹಿಡಿಯಲಾರವು.

ಇನ್ನು ಹೆಜ್ಜೇನು, ಕಣಜ, ಚಿಗಳಿಗಳ ಕಾಟ, ಹಳೆಯ ಹಗ್ಗ, ಹಿಂದಿನ ರಾತ್ರಿಯ ಕುಡಿತ, ಜ್ವರವಿದ್ದರೂ ಕೂಲಿ ತಪ್ಪಬಾರದೆಂದು ಬರುವುದು, ಇವೆಲ್ಲವೂ ಎಲ್ಲರಿಗೂ ತಿಳಿದವೇ ಆಗಿವೆ.

ಹತ್ತುವುದನ್ನೇ ಕಡಮೆ ಮಾಡುವುದು

ಬೀಳುವವನನ್ನು ಹಿಡಿಯುವ ಉಪಾಯಕ್ಕಿಂತ ಹತ್ತದೆಯೇ ಕೆಲಸವಾಗುವ ಉಪಾಯವು ಶ್ರೇಷ್ಠ. ಆದುದರಿಂದ ಏರ್ಪಾಡಿನಲ್ಲಿ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯು, ಈ 6,600 ಏರುವಿಕೆಗಳಲ್ಲಿ ಎಷ್ಟನ್ನು ಬಿಡಬಹುದು ಎಂಬುದು.

ಕಾರ್ಬನ್ ಫೈಬರಿನ ದೋಟಿಗಳು ಬಂದ ಮೇಲೆ ನೆಲದ ಮೇಲೆ ನಿಂತೇ ಔಷಧ ಹೊಡೆಯುವುದೂ ಗೊನೆ ಕೊಯ್ಯುವುದೂ ಸಾಧ್ಯವಾಗಿದೆ. ಒಂದರೊಳಗೊಂದು ಸೇರುವ ಕೊಳವೆಗಳಿಂದಾದ ಈ ದೋಟಿಯು ಅರವತ್ತು ಅಡಿ ಮತ್ತು ಅದಕ್ಕಿಂತ ಹೆಚ್ಚಿನ ಉದ್ದಕ್ಕೂ ದೊರೆಯುತ್ತದೆ. ಅಲ್ಯುಮಿನಿಯಂ ದೋಟಿಗಿಂತ ಹಗುರವೂ ಬಾಗುವುದು ಕಡಮೆಯೂ ಆದುದರಿಂದ ಅಭ್ಯಾಸವಾದವನು ದಿನವೆಲ್ಲ ಹಿಡಿಯಬಲ್ಲನು. ಬೆಲೆಯು ಹತ್ತಾರು ಸಾವಿರ ರೂಪಾಯಿಗಳಾದ್ದರಿಂದ ಸಣ್ಣ ಹಿಡುವಳಿದಾರರು ಒಬ್ಬೊಬ್ಬರಾಗಿ ಕೊಳ್ಳುವುದಕ್ಕಿಂತ ಸಹಕಾರ ಸಂಘದ ಮೂಲಕ ಕೊಂಡು ಸರದಿಯಲ್ಲಿ ಉಪಯೋಗಿಸುವುದು ಮೇಲು. ಸಹಾಯಧನದ ವಿಷಯವನ್ನು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಬಹುದು.

ದೋಟಿಗೂ ದೋಷಗಳಿಲ್ಲವೆಂದಲ್ಲ. ಮೇಲಿನಿಂದ ಬಿದ್ದ ಗೊನೆಯ ಅಡಕೆ ಉದುರಿ ಚೆಲ್ಲುವುದರಿಂದ ಹೆಕ್ಕುವ ಆಳು ಹೆಚ್ಚು ಬೇಕು. ಕೊನೆಗಾರನು ಹಗ್ಗದ ಮೇಲೆ ಜಾರಿಸಿ ಇಳಿಸಿದ ಗೊನೆಗೆ ಈ ತೊಂದರೆಯಿಲ್ಲ. ಬುಡದಲ್ಲಿ ಬಲೆ ಹಿಡಿದರೆ ನಷ್ಟವು ಬಹುಮಟ್ಟಿಗೆ ತಪ್ಪುವುದು. ಗಾಳಿಯಿದ್ದ ದಿನ ನೆಲದಿಂದ ಹೊಡೆದ ಔಷಧವು ಗೊನೆಯ ಎಲ್ಲಾ ಬದಿಗಳಿಗೂ ಮುಟ್ಟುವುದಿಲ್ಲ; ಹೊಡೆಯುವವನ ಕಣ್ಣಿಗೆ ಹನಿ ಬೀಳುವುದರಿಂದ ಕನ್ನಡಕ ಅವಶ್ಯ. ಕೆಳಗೆ ನಿಲ್ಲುವವರೆಲ್ಲರ ತಲೆಗೂ ಗಟ್ಟಿ ಟೋಪಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು: ಕಾರ್ಬನ್ ಫೈಬರು ಮರದ ಕೋಲಿನಂತಲ್ಲ, ಅಲ್ಯುಮಿನಿಯಮಿನಂತೆ ವಿದ್ಯುತ್ತನ್ನು ಹರಿಯಗೊಡುವ ವಸ್ತು. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಅದರ ಎರಡೂ ಪಕ್ಕಗಳಲ್ಲಿ ದೋಟಿಯು ಅಡ್ಡ ಬಿದ್ದರೂ ತಂತಿಗೆ ತಾಗದಷ್ಟು ದೂರದವರೆಗಿನ ಮರಗಳಿಗೆ, ವಿದ್ಯುತ್ ಕಂಪನಿಯವರಿಗೆ ತಿಳಿಸಿ ಲೈನು ಬಂದ್ ಮಾಡಿಸಿದ ಹೊರತು, ದೋಟಿಯನ್ನು ಎತ್ತಲೇಬಾರದು. ಬೀಳುವ ಅಪಾಯವನ್ನು ತಪ್ಪಿಸಹೋಗಿ ಶಾಕಿನ ಅಪಾಯವನ್ನು ತಂದುಕೊಂಡಂತೆ ಆಗಬಾರದಷ್ಟೆ.

ಮರವೇರುವ ಯಂತ್ರಗಳೂ ಬಂದಿವೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರೊಬ್ಬರು ತಯಾರಿಸಿದ, ಕುಳಿತುಕೊಂಡೇ ಮೇಲೇರುವ ಮೋಟಾರು ಯಂತ್ರವು 2019ರಲ್ಲಿ ದೇಶದಲ್ಲೆಲ್ಲಾ ಹೆಸರಾಯಿತು. ಯಂತ್ರವಿದ್ದರೂ ಮನುಷ್ಯನು ಮೇಲೆ ಹೋಗುವನಾದುದರಿಂದ ಮುಂದೆ ಹೇಳುವ ಕಟ್ಟುಗಳು ಅವನಿಗೂ ಬೇಕು. ಪಾಚಿ ಹಿಡಿದ ಒದ್ದೆ ಮರಕ್ಕೆ ಯಂತ್ರವೂ ನಂಬಿಕೆಯದಲ್ಲ.

ದೂರದ ಉಪಾಯವೆಂದರೆ ಮರವನ್ನೇ ಗಿಡ್ಡ ಮಾಡುವುದು. ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿಯ ಗಿಡ್ಡ ಜಾತಿಯನ್ನು ಸುಮಂಗಳ, ಮೋಹಿತ್‌ನಗರ ಎಂಬ ತಳಿಗಳೊಡನೆ ಕೂಡಿಸಿ ಗಿಡ್ಡ ಮಿಶ್ರತಳಿಗಳನ್ನು ಹೊರತಂದಿರುವರು. ಹೊಸದಾಗಿ ನೆಡುವವರು, ಹಳೆಯ ತೋಟದಲ್ಲಿ ಸತ್ತ ಮರಗಳ ಜಾಗ ತುಂಬುವವರು, ಇವನ್ನು ಕುರಿತು ಆಲೋಚಿಸುವುದು ಒಳ್ಳೆಯದು. ಈಗ ನೆಡುವ ಸಸಿಗೆ ಮೂವತ್ತು ವರ್ಷಗಳ ಮೇಲೆ ಯಾರು ಹತ್ತುವರೆಂಬುದೇ ಸಂದೇಹವಾಗಿರುವಾಗ ಎತ್ತರದ ಜಾತಿಯನ್ನೇ ಹಟದಿಂದ ನೆಡುವುದು ವಿವೇಕವಲ್ಲ.

ಹತ್ತಲೇಬೇಕಾದಾಗ

ಇಷ್ಟಾದ ಮೇಲೂ ಕೆಲವು ಮರಗಳಿಗೆ ಹತ್ತಲೇಬೇಕಾಗುವುದು. ಅವುಗಳಿಗಾಗಿ ಮೇ ತಿಂಗಳ ಎರಡನೆಯ ವಾರದೊಳಗೆ ಯಜಮಾನನೂ ಹಿರಿಯ ಕೊನೆಗಾರನೂ ಕೂಡಿ ತೋಟವನ್ನು ಸಾಲುಸಾಲಾಗಿ ನಡೆದು ನೋಡತಕ್ಕದ್ದು. ಸೀಳಿದ, ಸುಟ್ಟ, ಬುಡ ಕೊಳೆತ, ತೀರ ಸಣಕಲಾದ, ಹುಳು ಕೊರೆದ ಮರಗಳನ್ನು ಹತ್ತಬಾರದ ಮರಗಳೆಂದು ಗುರುತಿಸಬೇಕು. ಗುರುತಿಗೆ ಸುಣ್ಣ ಬಳಿಯುವುದು ತಪ್ಪು. ಬಿಸಿಲಿಗೆ ರಕ್ಷಣೆಯೆಂದು ಅಂಚಿನ ಮರಗಳಿಗೆಲ್ಲಾ ಸುಣ್ಣ ಬಳಿದಿರುವುದರಿಂದ ಗೊಂದಲವಾಗುವುದು. ಕಣ್ಣಿನ ಮಟ್ಟಕ್ಕೆ ಕೆಂಪು ಬಣ್ಣದ ಪಟ್ಟೆಯನ್ನು ಹಾಕಬೇಕು. ಅಂಥ ಮರದ ಗೊನೆಯನ್ನು ದೋಟಿಯಿಂದ ಕೊಯ್ಯಬೇಕು, ಇಲ್ಲವೇ ಬಿಡಬೇಕು. ಒಂದು ಮರದ ಎರಡು ಮೂರು ಗೊನೆಗಳ ಬೆಲೆಗೂ ಮನುಷ್ಯನಿಗೂ ತಕ್ಕಡಿ ಹಿಡಿಯಲಾಗದು.

ಇನ್ನು ಕಟ್ಟು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯು ಸಾಲದು. ಬಿದ್ದಾಗ ಜಗ್ಗುವ ಪೆಟ್ಟೆಲ್ಲವೂ ಹೊಟ್ಟೆ ಬೆನ್ನುಗಳ ಮೇಲೆ ಬಿದ್ದು ಅದರಿಂದಲೇ ಹಾನಿಯಾಗುವುದು, ತಲೆಕೆಳಗಾದರೆ ಪಟ್ಟಿಯಿಂದ ಜಾರಿಹೋಗುವುದೂ ಉಂಟು. ಭುಜ, ಎದೆ, ತೊಡೆಗಳನ್ನು ಸೇರಿಸಿ ಹಿಡಿಯುವ ಪೂರ್ತಿ ಮೈಕಟ್ಟೇ ಬೇಕು. ಅದರ ಮೇಲೆ ಭಾರತೀಯ ಮಾನಕದ ಐಎಸ್ 3521 ಎಂಬ ಗುರುತು ಇದೆಯೇ ಎಂದು ನೋಡಿ ಕೊಳ್ಳತಕ್ಕದ್ದು. ಪೇಟೆಯಲ್ಲಿ ಬಟ್ಟೆ ಹೊಲಿಯುವವನಿಂದ ಹೊಲಿಸಿದ ಪಟ್ಟಿಗಳು ನೋಡುವುದಕ್ಕೆ ಹಾಗೆಯೇ ಇದ್ದರೂ ಸಮಯಕ್ಕೆ ನಿಲ್ಲುವವೆಂಬ ಭರವಸೆಯಿಲ್ಲ.

ಮೈಕಟ್ಟಿಗೆ ಎರಡು ಕೊಂಡಿ ಹಗ್ಗಗಳಿರಬೇಕು. ಏರುವಾಗ ಒಂದನ್ನು ಮರಕ್ಕೆ ಸುತ್ತಿ ಬಿಗಿದು, ಅದನ್ನು ಮೀರಿ ಹೋಗುವ ಮೊದಲು ಇನ್ನೊಂದನ್ನು ಅದರ ಮೇಲೆ ಬಿಗಿದು, ಆ ಮೇಲೆ ಕೆಳಗಿನದನ್ನು ಬಿಡಿಸಬೇಕು. ಎರಡೂ ಬಿಚ್ಚಿರುವ ಕ್ಷಣವೆಂಬುದು ಇರಕೂಡದು. ಹಗ್ಗವನ್ನು ಮರಕ್ಕೆ ಸಡಿಲವಾಗಿ ಬಳಸಿದರೆ ನುಣುಪಾದ ಕಾಂಡದ ಮೇಲೆ ಅದು ಕೆಳಕ್ಕೆ ಜಾರುವುದು. ಭಾರ ಬಿದ್ದಷ್ಟೂ ಬಿಗಿಯುವಂತೆ ಕುಣಿಕೆ ಹಾಕಬೇಕು. ಹಾಳೆಗಾಗಲಿ, ಗರಿಯ ದಂಟಿಗಾಗಲಿ, ಗೊನೆಗಾಗಲಿ ಕೊಂಡಿಯನ್ನು ಸಿಕ್ಕಿಸಬಾರದು. ಕಟ್ಟುವ ಎತ್ತರವು ಎಷ್ಟಿರಬೇಕೆಂಬುದನ್ನು ಅನೇಕರು ಗಮನಿಸುವುದಿಲ್ಲ. ಆರು ಅಡಿಯ ಹಗ್ಗವನ್ನು ಪಾದದ ಮಟ್ಟದಲ್ಲಿ ಕಟ್ಟಿದವನು ಹಗ್ಗ ಹಿಡಿಯುವಷ್ಟರಲ್ಲಿ ಎಂಟು ಹತ್ತು ಅಡಿ ಬಿದ್ದಿರುತ್ತಾನೆ. ತಲೆಯ ಮಟ್ಟಕ್ಕೆ ಬಿಗಿಯಾಗಿ ಕಟ್ಟಿದವನು ಒಂದೆರಡು ಅಡಿ ಜಾರಿ ನಿಲ್ಲುವನು. ಅದೇ ಹಗ್ಗ, ಅದೇ ಮರ, ಪೆಟ್ಟಿನಲ್ಲಿ ಅಜಗಜಾಂತರ.

ಮೈಕಟ್ಟನ್ನು ಕೊಂಡು ಜಗಲಿಯ ಗೂಟಕ್ಕೆ ತೂಗುಹಾಕಿದ ಮನೆಗಳು ಸಾಕಷ್ಟಿವೆ. ಕೊನೆಗಾರನು ಒಪ್ಪುವುದಿಲ್ಲವೆಂಬುದು ಯಜಮಾನರ ಸಮಾಧಾನ. ಅವನು ಒಪ್ಪದಿರುವುದಕ್ಕೆ ಕಾರಣವುಂಟು: ಹೊಸ ಕಟ್ಟು ಮೈಗೆ ಒಗ್ಗದೆ ಕೆಲಸಕ್ಕೆ ತೊಡಕೆಂದು ತೋರುವುದು. ಆದುದರಿಂದ ಬೇಸಗೆಯಲ್ಲಿಯೇ, ಕೆಲಸದ ಒತ್ತಡವಿಲ್ಲದಾಗ, ನೆಲದಿಂದ ಮೂರು ಅಡಿ ಎತ್ತರದಲ್ಲಿ ಅದನ್ನು ಧರಿಸಿ ತೂಗಿ ನೋಡಿ, ಪಟ್ಟಿಗಳನ್ನು ಅವನ ಮೈಗೆ ಸರಿಮಾಡಿಸಿ, ಕೆಲವು ದಿನ ಅಭ್ಯಾಸ ಮಾಡಿಸಬೇಕು. ಪ್ರತಿ ದಿನ ಬೆಳಿಗ್ಗೆ ಹೊಲಿಗೆ, ಕೊಂಡಿ, ಹಗ್ಗಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕು. ಒಮ್ಮೆ ಬಿದ್ದವನನ್ನು ಹಿಡಿದ ಕಟ್ಟನ್ನೂ ಹಗ್ಗವನ್ನೂ ಮತ್ತೆ ಉಪಯೋಗಿಸದೆ ಕತ್ತರಿಸಿ ಹಾಕಿಬಿಡಬೇಕು. ನೈಲಾನ್ ಹಗ್ಗವು ಬಿಸಿಲಿಗೂ ಬ್ಯಾಟರಿಯ ಆಮ್ಲಕ್ಕೂ ಕೆಡುವುದರಿಂದ ನೆರಳಿನಲ್ಲಿ, ಔಷಧದ ಕೋಣೆಯಿಂದ ಬೇರೆಯಾಗಿ ಇಡತಕ್ಕದ್ದು.

ಕೂಲಿಯ ವಿಚಾರ

ಇಲ್ಲಿಯವರೆಗೆ ಹೇಳಿದ ಎಲ್ಲವೂ ವ್ಯರ್ಥವಾಗುವುದಕ್ಕೆ ಒಂದು ಕಾರಣ ಸಾಕು. ಅದು ಕೂಲಿ ಕೊಡುವ ರೀತಿ. ಮರಕ್ಕೆ ಇಷ್ಟು, ಗೊನೆಗೆ ಇಷ್ಟು ಎಂದು ಗುತ್ತಿಗೆಯಾದರೆ, ಪ್ರತಿ ಮರದಿಂದಲೂ ಇಳಿದು ಪಕ್ಕದ ಮರವನ್ನು ಹೊಸದಾಗಿ ಏರುವ ಕೊನೆಗಾರನ ದಿನದ ಸಂಪಾದನೆಯು ಬಹಳವಾಗಿ ಇಳಿಯುವುದು. ಕೊಂಡಿ ಬಿಚ್ಚಿ ಹಾಕುವ ಪ್ರತಿ ನಿಮಿಷವೂ ಅವನ ಮಕ್ಕಳ ಅನ್ನದಿಂದ ಕಳೆದಂತೆ. ಹಾಗಿರುವಾಗ “ಕಟ್ಟಿಕೊಂಡೇ ಹತ್ತು, ಮರದಿಂದ ಮರಕ್ಕೆ ಹಾಯಬೇಡ” ಎಂದು ಬಾಯಲ್ಲಿ ಹೇಳಿ, ಲೆಕ್ಕವನ್ನು ಗೊನೆಯ ಮೇಲೆ ಮಾಡಿದರೆ, ಯಜಮಾನನು ಬಾಯಿಂದ ಬೇಡವೆಂದುದನ್ನು ಕೈಯಿಂದ ಮಾಡಿಸಿದಂತಾಯಿತು. ಬಿದ್ದ ಮೇಲೆ “ಹೇಳಿದ್ದೆವು, ಕೇಳಲಿಲ್ಲ” ಎನ್ನುವುದು ನ್ಯಾಯವಲ್ಲ.

ಔಷಧ ಹೊಡೆಯುವ ಮತ್ತು ಕೊಯ್ಯುವ ಕೆಲಸಕ್ಕೆ ದಿನಗೂಲಿಯನ್ನೇ ಗೊತ್ತುಮಾಡುವುದು ಇದಕ್ಕೆ ಪರಿಹಾರ. ಖರ್ಚು ಹೆಚ್ಚುವುದು ನಿಜ, ಮುಚ್ಚಿಡುವುದೇಕೆ? ಆದರೆ ದೋಟಿಯಿಂದ ಆಗುವ ಮರಗಳನ್ನು ಕಳೆದು, ಉಳಿದ ಮರಗಳಿಗೆ ಮಾತ್ರ ಈ ಹೆಚ್ಚಿನ ಖರ್ಚು ಬೀಳುವುದರಿಂದ ಹೊರಲಾರದ ಭಾರವೇನೂ ಆಗುವುದಿಲ್ಲ. ಮಳೆ ಬಂದು ಕೆಲಸ ನಿಂತ ದಿನಕ್ಕೂ ಅರ್ಧ ಕೂಲಿಯಾದರೂ ಸಲ್ಲುವಂತೆ ಮೊದಲೇ ಮಾತಾಗಿದ್ದರೆ, ಒದ್ದೆ ಮರವನ್ನು ಹತ್ತುವ ಆತುರವು ಕೊನೆಗಾರನಿಗೂ ಇರುವುದಿಲ್ಲ, ಹತ್ತಿಸುವ ಆತುರವು ಯಜಮಾನನಿಗೂ ಇರುವುದಿಲ್ಲ. “ಈ ಮರ ಬೇಡ” ಎಂದು ಕೊನೆಗಾರನು ಹೇಳಿದರೆ ಆ ಮರವು ಅಂದಿಗೆ ಬೇಡವೇ. ಅದಕ್ಕಾಗಿ ಕೂಲಿಯಲ್ಲಿ ಹಿಡಿತವಾಗಲಿ, ಮುಂದಿನ ಸಲ ಕರೆಯದಿರುವುದಾಗಲಿ ಕೂಡದು. ಮರದ ತೂಗಾಟವು ಅವನ ಕಾಲಿಗೆ ತಿಳಿಯುವಂತೆ ಕೆಳಗೆ ನಿಂತವನ ಕಣ್ಣಿಗೆ ತಿಳಿಯುವುದಿಲ್ಲ.

ಅನಾಹುತವಾದ ಹೊತ್ತಿನಲ್ಲಿ

ಒಬ್ಬನೇ ಎಂದಿಗೂ ಹತ್ತಬಾರದು. ಮೈಕಟ್ಟು ಹಿಡಿದುಕೊಂಡು ಮೇಲೆಯೇ ತೂಗಾಡುವವನನ್ನು ಬದುಕಿದನೆಂದು ಬಿಡುವಂತಿಲ್ಲ. ಅಲುಗಾಡದೆ ತೂಗಿದರೆ ರಕ್ತವು ಕಾಲುಗಳಲ್ಲಿಯೇ ನಿಂತು ಕೆಲವು ನಿಮಿಷಗಳಲ್ಲಿಯೇ ಮೂರ್ಛೆ ಬರಬಹುದು. ಇದರಿಂದ ಪ್ರಾಣಹಾನಿಯೂ ಉಂಟು. ಪ್ರಜ್ಞೆಯಿದ್ದರೆ ಕಾಲನ್ನು ಊರಿ ನಿಲ್ಲುವುದಕ್ಕೆ ಒಂದು ಹಗ್ಗದ ಕುಣಿಕೆಯು ಅವನ ಮೈಕಟ್ಟಿನಲ್ಲಿಯೇ ಇರಬೇಕು. ಪಕ್ಕದ ಮರದಿಂದ ಹೋಗಿ ಅವನನ್ನು ಇಳಿಸಬಲ್ಲ ಇನ್ನೊಬ್ಬನೂ, ಅವನಿಗೆ ಬೇರೆ ಮೈಕಟ್ಟೂ, ಮರದ ಎತ್ತರದ ಎರಡರಷ್ಟು ಉದ್ದದ ಹಗ್ಗವೂ ತೋಟದಲ್ಲಿಯೇ ಸಿದ್ಧವಾಗಿರಬೇಕು. ಇಳಿಸಿದ ಮೇಲೆ ನೆಲದ ಮೇಲೆ ಮಲಗಿಸಬೇಕು.

ನೆಲಕ್ಕೆ ಬಿದ್ದವನ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಪ್ರೀತಿಯಿಂದಲೇ ಆಗುವ ಅನ್ಯಾಯವೊಂದುಂಟು. ಓಡಿಬಂದವರು ಅವನನ್ನು ಎತ್ತಿ ಕೂರಿಸುವರು, ನೀರು ಕುಡಿಸುವರು, ಕೈಕಾಲು ಹಿಡಿದು ಹೊತ್ತು ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸುವರು. ಮುರಿದ ಬೆನ್ನುಮೂಳೆಯು ಹೀಗೆ ಬಾಗಿದಾಗ ಅದುವರೆಗೆ ಉಳಿದಿದ್ದ ನರವೂ ಕತ್ತರಿಸಿಹೋಗಬಹುದು. ಬಿದ್ದವನು ಉಸಿರಾಡುತ್ತಿದ್ದರೆ ಇದ್ದಲ್ಲಿಯೇ ಇರಗೊಟ್ಟು, ಒಬ್ಬನು ಅವನ ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದು, ರಕ್ತ ಸುರಿಯುವ ಕಡೆ ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು, 108ಕ್ಕೆ ಕರೆ ಮಾಡತಕ್ಕದ್ದು. ವಾಂತಿ ಬಂದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಎಲ್ಲರೂ ಕೂಡಿ ಮಗ್ಗುಲಿಗೆ ಹೊರಳಿಸಬೇಕು.

ಮಲೆನಾಡಿನ ತೋಟಗಳು ಕಣಿವೆಯಲ್ಲಿರುವುದು ಸಾಮಾನ್ಯ. ಕಾಲುಸಂಕ ದಾಟಿ ದರೆ ಹತ್ತಿದ ಹೊರತು ವಾಹನದ ರಸ್ತೆ ಸಿಕ್ಕದು. ಫೋನಿಗೂ ಎಲ್ಲಾ ಕಡೆ ಸಿಗ್ನಲ್ ದೊರೆಯದು. ಆದುದರಿಂದ ತೋಟದ ಯಾವ ಜಾಗದಿಂದ ಫೋನು ಸಿಗುವುದೆಂದು ಮೊದಲೇ ನೋಡಿ ಅಲ್ಲೊಂದು ಗೂಟ ನೆಟ್ಟಿರಬೇಕು. ಆಂಬ್ಯುಲೆನ್ಸು ಎಲ್ಲಿಯವರೆಗೆ ಬರಬಲ್ಲುದು, ಅಲ್ಲಿಗೆ ದಾರಿ ತೋರಿಸಲು ಯಾರು ಹೋಗುವರು, ಎಂಬುದು ಗೊತ್ತಾಗಿರಬೇಕು. ಆರೂವರೆ ಅಡಿ ಉದ್ದದ, ಒಂದೂವರೆ ಅಡಿ ಅಗಲದ ಹಲಗೆಯೊಂದಕ್ಕೆ ಎರಡು ಪಕ್ಕಗಳಲ್ಲಿಯೂ ಕೈಹಿಡಿಯ ತೂತುಗಳನ್ನು ಕೊರೆಸಿ, ಮೂರು ಅಗಲ ಪಟ್ಟಿಗಳೊಡನೆ ತೋಟದ ಮನೆಯಲ್ಲಿ ಇಟ್ಟಿದ್ದರೆ, ಹೊತ್ತು ತರಲೇಬೇಕಾದ ಪ್ರಸಂಗದಲ್ಲಿ ಬೆನ್ನು ಬಾಗದಂತೆ ತರುವುದು ಸಾಧ್ಯ. ಇದಕ್ಕೆ ಆಗುವ ವೆಚ್ಚವು ಒಂದು ಮಣ ಅಡಕೆಯ ಬೆಲೆಯಷ್ಟೂ ಅಲ್ಲ.

ಗ್ರಾಮದ ಮುಖಂಡರ ಪಾಲು

ಕೆಲವು ಕೆಲಸಗಳು ಒಬ್ಬ ಯಜಮಾನನಿಂದ ಆಗತಕ್ಕವಲ್ಲ. ಮಳೆಗೆ ಮುಂಚಿನ ಮೊದಲ ಸಿಂಪಡಣೆಯನ್ನು ಎಲ್ಲರೂ ಜೂನ್ ಮೊದಲ ವಾರಕ್ಕೆ ಬಿಟ್ಟುಕೊಳ್ಳುವುದರಿಂದಲೇ ಕೊನೆಗಾರರ ಮೇಲೆ ಒತ್ತಡ ಬೀಳುವುದು. ಗ್ರಾಮದ ಹಿರಿಯರು ಮೇ ತಿಂಗಳ ನಡುವಿನಲ್ಲಿ ಎಲ್ಲರನ್ನೂ ಕೂಡಿಸಿ, ಇರುವ ಕೊನೆಗಾರರ ಮತ್ತು ದೋಟಿಗಳ ಸಂಖ್ಯೆಯನ್ನು ಮುಂದಿಟ್ಟುಕೊಂಡು, ಯಾವ ತೋಟಕ್ಕೆ ಯಾವ ದಿನವೆಂದು ಸರದಿ ಹಾಕಿದರೆ ಬಹಳ ಉಪಕಾರವಾಗುವುದು. ಹಿಂದಿನ ವರ್ಷ ಕೊಳೆ ಹೆಚ್ಚಾಗಿದ್ದ, ಗಾಳಿಯಾಡದ ತಗ್ಗಿನ ತೋಟಗಳಿಗೆ ಸರದಿಯಲ್ಲಿ ಮೊದಲ ಸ್ಥಾನ ಸಲ್ಲಬೇಕು; ದೊಡ್ಡ ಹಿಡುವಳಿಯವರಿಗೆ ದೊಡ್ಡವರೆಂಬ ಕಾರಣದಿಂದ ಮೊದಲ ಸ್ಥಾನ ಸಲ್ಲಬಾರದು. ವಿಟ್ಲದಲ್ಲಿ ಅಡಕೆ ಮರವೇರುವ ತರಬೇತಿಯ ಶಿಬಿರಗಳು ನಡೆದಿವೆ. ಅಂಥವುಗಳಿಗೆ ಊರಿನ ಇಬ್ಬರು ಮೂವರು ತರುಣರನ್ನು ಊರಿನ ಖರ್ಚಿನಲ್ಲಿ ಕಳುಹಿಸುವುದೂ ಮುಖಂಡರು ಮಾಡಬಹುದಾದ ಕೆಲಸ.

ಅಡಕೆ ಮರದ ಹೊರತಾದ ಎತ್ತರಗಳನ್ನೂ ಇದೇ ಸಭೆಯಲ್ಲಿ ನೆನೆಯಬಹುದು. ಕಾಳುಮೆಣಸಿನ ಕೊಯ್ಲಿನ ಏಣಿಯು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಊರಿರಬೇಕು, ತುದಿಯನ್ನು ಮರಕ್ಕೆ ಕಟ್ಟಿರಬೇಕು. ಅಡಕೆ ಒಣಗಿಸುವ ಅಟ್ಟಕ್ಕೆ ಅಂಚಿನ ಕೈತಡೆ ಬೇಕು. ಕಟ್ಟೆಯಿಲ್ಲದ ಬಾವಿಗೆ ಕಟ್ಟೆ ಬೇಕು. ಇವು ಒಂದು ದಿನದ ಕೆಲಸಗಳು.

ಈ ಏರ್ಪಾಡೆಲ್ಲವನ್ನೂ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು, ತೋಟದ ಒಂದು ಸ್ಥೂಲ ನಕ್ಷೆಯೊಡನೆ, ಹಗ್ಗ ಹಲಗೆಗಳಿರುವ ಜಾಗದಲ್ಲಿಯೇ ಅಂಟಿಸಿರಬೇಕು. ಕೆಂಪು ಪಟ್ಟೆಯ ಮರಗಳು, ತಂತಿ ಹಾದುಹೋದ ಸಾಲು, ಫೋನು ಸಿಗುವ ಗೂಟ, ವಾಹನ ನಿಲ್ಲುವ ಸ್ಥಳ, ಇವು ನಕ್ಷೆಯಲ್ಲಿ ಕಾಣಬೇಕು. ಕೆಲಸವಾರಂಭದ ದಿನ ಅದನ್ನು ಎಲ್ಲರೆದುರಿಗೂ ಓದಿ ಹೇಳತಕ್ಕದ್ದು. ಕೊನೆಗಾರರಲ್ಲಿ ಓದು ಬಾರದವರಿದ್ದರೆ ಅವರಿಗೆ ತೋಟದಲ್ಲಿ ನಡೆಸಿಯೇ ತೋರಿಸತಕ್ಕದ್ದು.

ಹಾಳೆಯ ಕೊನೆಯಲ್ಲಿ ಪ್ರತಿಯೊಬ್ಬ ಕೊನೆಗಾರನ ಹೆಸರಿನೆದುರಿಗೆ ಅವನ ವಿಮೆಯ ವಿವರವಿರಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕು ಖಾತೆಯುಳ್ಳ 18ರಿಂದ 70 ವರ್ಷದವರೆಗಿನ ಯಾರಾದರೂ ಸೇರಬಹುದು. 2022ರಿಂದ ಇದರ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಮರಣವೋ ಶಾಶ್ವತವಾದ ಪೂರ್ಣ ಅಂಗವೈಕಲ್ಯವೋ ಉಂಟಾದರೆ 2 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುವುದು. ಇದು ಸಾಲದ ಮೊತ್ತವಾದುದರಿಂದ ಅನುಕೂಲವುಳ್ಳ ಯಜಮಾನರು ಬೇರೆ ಅಪಘಾತ ವಿಮೆಯನ್ನೂ ಮಾಡಿಸುವುದು ಉಚಿತ. ಈ ಯೋಜನೆಯ ವರ್ಷವು ಜೂನ್ 1ರಿಂದ ಮೇ 31ರವರೆಗೆ. ಖಾತೆಯಲ್ಲಿ ಆ ಹೊತ್ತಿಗೆ ಹಣವಿಲ್ಲದಿದ್ದರೆ ವಿಮೆಯು ನಿಂತುಹೋಗುವುದು, ಮೊದಲ ಔಷಧದ ಸರದಿಯು ಆಗಲೇ ಬರುವುದು. ಆದಕಾರಣ ಮೇ ತಿಂಗಳ ಕೊನೆಯ ವಾರದಲ್ಲಿ ಮೈಲುತುತ್ತವನ್ನು ತರಲು ಪೇಟೆಗೆ ಹೋಗುವ ಯಜಮಾನನು, ತನ್ನ ಕೊನೆಗಾರರ ಪಾಸುಪುಸ್ತಕಗಳನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗಿ, ಕಂತು ಸಂದಿರುವುದೇ ಎಂದು ಬ್ಯಾಂಕಿನಲ್ಲಿ ನೋಡಿಕೊಂಡು ಬರತಕ್ಕದ್ದು.